ಹಿಟ್ಟಿನ ಮೇಲೆ ಮೂರು ಗೆರೆ

ನಿಮ್ಮ ಮನೆಯಲ್ಲಿ ಏನು ಉಣ್ಣುತ್ತೀರಿ ಎಂದು ಹೊರಗಿನವರು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಯಾಕೆ ಕೇಳುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಹೆಣ್ಣು ನೋಡಲು ಬಂದವರು ಕೇಳುತ್ತಾರೆ, ಜಾತಿ ತಿಳಿಯಬೇಕಾದವರು ಕೇಳುತ್ತಾರೆ, ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ. ಸುಮ್ಮನೆ ಕೇಳಿದವರನ್ನು ಈ ವಯಸ್ಸಿನವರೆಗೂ ನಾನು ಕಂಡಿಲ್ಲ. ಹಾಗಾಗಿ ಮೊಮ್ಮಗಳು ಚೈತ್ರ ಕಾಲೇಜಿನಿಂದ ಬಂದವಳೇ ಬ್ಯಾಗೂ ಇಳಿಸದೆ, ಕನ್ನಡ ಮೇಡಂ ಮನೆಯ ಊಟದ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದಾರೆ, ನೀನು ಸಣ್ಣವಳಾಗಿದ್ದಾಗ ಏನು ಉಣ್ಣುತ್ತಿದ್ದೆ ಹೇಳು ಎಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಾಗ, ನಾನು ಆ ಫೋನನ್ನು ಅವಳ ಕೈಯಿಂದ ತೆಗೆದು ಬೋರಲು ಮಲಗಿಸಿದೆ.

"ಯಾರಿಗೆ ಬೇಕಂತೆ?"

"ಯಾರ್ಗೂ ಅಲ್ಲ ಅಜ್ಜಿ, ಮಾರ್ಕ್ಸಿಗೆ."

"ನಾನು ಉಂಡಿದ್ದಕ್ಕೆ ನಿಂಗ್ಯಾಕೆ ಮಾರ್ಕ್ಸ್ ಕೊಡ್ತಾರೆ?"

"ಅದು ಸಂಸ್ಕೃತಿ ಅಜ್ಜಿ. ಊಟ ಅಂದ್ರೆ ಸಂಸ್ಕೃತಿ ಅಂತಾರೆ ಮೇಡಂ."

"ಊಟ ಅಂದ್ರೆ ಹೊಟ್ಟೆ. ಹೋಗು, ಕೈಕಾಲು ತೊಳ್ಕೋ."

ನಾನು ಹೇಳಲಿಲ್ಲ ಎಂದು ಅವಳು ಬಿಡಲಿಲ್ಲ. ಅಡುಗೆಮನೆಗೆ ಹೋಗಿ ತನ್ನ ಅಮ್ಮನನ್ನು ಹಿಡಿದುಕೊಂಡಳು. ತುಮಕೂರಿನ ನಮ್ಮ ಈ ಮನೆಯಲ್ಲಿ ಅಡುಗೆ ನನ್ನ ಸೊಸೆ ಮಂಜುಳಳದು. ಕಟ್ಟೆಯ ಕೆಳಗೆ ರಾಗಿ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬ ಇದೆ. ಮುದ್ದೆಗೆ ಬೇಕಾದಷ್ಟು ಹಿಟ್ಟು ತೆಗೆದ ಮೇಲೆ ಮಂಜುಳ ಉಳಿದದ್ದನ್ನು ಅಂಗೈಯಲ್ಲಿ ತಟ್ಟಿ ಸಮ ಮಾಡುತ್ತಾಳೆ, ಮೂರು ಬೆರಳಿನಲ್ಲಿ ಅಡ್ಡಡ್ಡ ಗೆರೆ ಎಳೆಯುತ್ತಾಳೆ, ಕೆಳಗೆ ಹೆಬ್ಬೆಟ್ಟಿನಿಂದ ಒಂದು ಬೊಟ್ಟು ಒತ್ತುತ್ತಾಳೆ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಮುಚ್ಚಳ ಹಾಕುತ್ತಾಳೆ. ಚೈತ್ರ ಹುಟ್ಟಿದಾಗಿನಿಂದ ಇದನ್ನು ನೋಡಿದ್ದಾಳೆ. ಯಾಕೆ ಎಂದು ಅವತ್ತು ಮೊದಲ ಸಲ ಕೇಳಿದಳು. ಅಜ್ಜಿ ಹಾಕ್ತಿದ್ರು, ನಾನೂ ಹಾಕ್ತೀನಿ, ಒಳ್ಳೇದಾಗ್ಲಿ ಅಂತ, ಎಂದು ಮಂಜುಳ ಹೇಳಿದ್ದು ಹೊರಗೆ ಕೂತಿದ್ದ ನನಗೂ ಕೇಳಿಸಿತು. ನಾನು ಎದ್ದು ಹೋಗಿ ಅಲ್ಲೇ ಒಂದು ಮಾತು ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನಾನು ಏಳಲಿಲ್ಲ.

ಎರಡು ದಿನ ಬಿಟ್ಟು ಚೈತ್ರ ಪ್ರಬಂಧ ಓದಿದಳು. ಹೆಸರು 'ನಮ್ಮ ಹಿಟ್ಟಿನ ಡಬ್ಬದಲ್ಲಿ ಶಿವ'. ನಮ್ಮ ಮನೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಅನ್ನಕ್ಕೆ ವಿಭೂತಿ ಹಚ್ಚುತ್ತಾ ಬಂದಿದ್ದಾರಂತೆ. ಅದು ರೈತರ ಮನೆಯ ಮೌನ ಪೂಜೆಯಂತೆ. ಅಜ್ಜಿಯ ಬೆರಳಿನಿಂದ ಅಮ್ಮನ ಬೆರಳಿಗೆ ಭಕ್ತಿ ಹರಿದು ಬಂದಿದೆಯಂತೆ. ಮಂಜುಳ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು, ಅವಳ ಮುಖ ಅರಳಿತ್ತು. ಮೇಡಂ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ 'ಅದ್ಭುತ' ಎಂದು ಬರೆದಿದ್ದರು. ಕಾಲೇಜಿನ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತಾರಂತೆ. ಅದಕ್ಕೂ ಮುಂಚೆ ಅಜ್ಜಿಯನ್ನು ಕ್ಲಾಸಿಗೆ ಕರೆದುಕೊಂಡು ಬರಬೇಕಂತೆ, ಅಜ್ಜಿ ಎಲ್ಲರೆದುರಿಗೆ ತಟ್ಟೆಯಲ್ಲಿ ಹಿಟ್ಟು ಹರಡಿ ಆ ಗೆರೆ ಎಳೆದು ತೋರಿಸಬೇಕಂತೆ.

ಆ ಗೆರೆ ಏನೆಂದು ಭೂಮಿಯ ಮೇಲೆ ಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೆ. ಅದನ್ನು ಹೇಳಬೇಕಾದರೆ ನಿಟ್ಟೂರಿನ ಹತ್ತಿರ ನಾನು ಹುಟ್ಟಿದ ಮನೆಗೆ ಹೋಗಬೇಕು.

ಆ ಮನೆ ರೈಲಿನ ಸದ್ದು ಕೇಳುವಷ್ಟು ದೂರದಲ್ಲಿತ್ತು. ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯ ಒಂದು ಮೂಲೆಯಿಂದ ಬಗ್ಗಿ ಹೋದರೆ ಕಿಟಕಿಯಿಲ್ಲದ ಸಣ್ಣ ಕೋಣೆ. ರಾಗಿ, ಹುರುಳಿ, ಅವರೆ, ಬೆಲ್ಲ, ಉಪ್ಪು, ಮೆಣಸಿನಕಾಯಿ ಎಲ್ಲ ಅಲ್ಲೇ. ಹಿಟ್ಟು ತುಂಬುವ ಮಣ್ಣಿನ ಗುಡಾಣ ನನ್ನ ಎದೆಮಟ್ಟ ಬರುತ್ತಿತ್ತು. ಆ ಕೋಣೆಗೆ ಬಾಗಿಲು ಇರಲಿಲ್ಲ, ಬಾಗಿಲಿನ ಬದಲು ಗಂಗಜ್ಜಿ ಇದ್ದಳು. ಗಂಗಜ್ಜಿ ಎಂದರೆ ನಮ್ಮ ಅಪ್ಪನ ತಾಯಿ. ಹೊಸ್ತಿಲಿಗೆ ಬೆನ್ನು ಕೊಟ್ಟು, ಕಾಲು ಉದ್ದಕ್ಕೆ ಚಾಚಿ, ಎಲೆಯಡಿಕೆ ಕುಟ್ಟುತ್ತಾ ಕೂತರೆ ಅವಳನ್ನು ದಾಟಿ ಒಳಗೆ ಹೋಗುವ ಗಂಡು ಆ ಮನೆಯಲ್ಲಿ ಇರಲಿಲ್ಲ, ಹೆಣ್ಣಿನ ಮಾತು ಬಿಡಿ.

ನಸುಕಿಗೆ ಎದ್ದು ರಾಗಿ ಬೀಸುವವರು ನನ್ನ ಅವ್ವ ಮತ್ತು ಚಿಕ್ಕಮ್ಮ. ಬೀಸಿದ್ದನ್ನು ಜರಡಿ ಹಿಡಿದು ಮೊರದಲ್ಲಿ ತಂದು ಗಂಗಜ್ಜಿಯ ಮುಂದೆ ಇಡುವವರೆಗೆ ಅದು ಅವರ ಕೈಯಲ್ಲಿರುತ್ತಿತ್ತು. ಅಲ್ಲಿಂದಾಚೆಗೆ ಆ ಹಿಟ್ಟಿಗೂ ಅವರಿಗೂ ಸಂಬಂಧವಿಲ್ಲ. ಗಂಗಜ್ಜಿ ಅದನ್ನು ಗುಡಾಣಕ್ಕೆ ಸುರಿದು, ಸಮ ಮಾಡಿ, ಮೂರು ಬೆರಳಿನಲ್ಲಿ ಗೆರೆ ಎಳೆದು, ಹೆಬ್ಬೆಟ್ಟು ಒತ್ತಿ, ಮೇಲೆ ಮಣ್ಣಿನ ಮುಚ್ಚಳ ಇಡುತ್ತಿದ್ದಳು. ಹೊತ್ತಿಗೆ ಇಷ್ಟು ಎಂದು ಅವಳೇ ಸೇರಿನಲ್ಲಿ ಅಳೆದು ಕೊಡುತ್ತಿದ್ದಳು, ಕೊಟ್ಟ ಮೇಲೆ ಮತ್ತೆ ಗೆರೆ. ಯಾರಾದರೂ ಒಂದು ಹಿಡಿ ತೆಗೆದರೂ ಗೆರೆ ಕೆಡುತ್ತದೆ. ಬೀಗವಿಲ್ಲದ ಮನೆಯಲ್ಲಿ ಅದೇ ಬೀಗ. ಆದರೆ ನೆಂಟರು ಬಂದಾಗ ಅದರ ಕಥೆಯೇ ಬೇರೆ. ಒಂದು ಸಲ ಗುಬ್ಬಿಯಿಂದ ಬಂದಿದ್ದ ಅಪ್ಪನ ಸೋದರಮಾವ ಅದನ್ನು ಬಗ್ಗಿ ನೋಡಿ ಕೈ ಮುಗಿದುಬಿಟ್ಟ.

"ಏನಕ್ಕಾ, ಹಿಟ್ಟಿಗೂ ವಿಭೂತಿನಾ! ಎಂಥ ಭಕ್ತಿ ನಿಂದು!"

"ಹೂಂ ಕಣಪ್ಪ. ತಿನ್ನೋ ಅನ್ನ ಶಿವ ಅಲ್ವಾ."

ಹಾಗೆಂದು ಗಂಗಜ್ಜಿ ಒಲೆಯ ಮುಂದಿದ್ದ ಸೊಸೆಯರ ಕಡೆ ನೋಡಿದಳು. ಅವರಿಬ್ಬರೂ ತಲೆ ಎತ್ತಲಿಲ್ಲ. ಅಂದರೆ ನನ್ನ ಮೊಮ್ಮಗಳು ಬರೆದ ಸುಳ್ಳು ಅವಳು ಹುಟ್ಟಿಸಿದ್ದಲ್ಲ. ಅದು ಅವಳಿಗಿಂತ ಹಳೆಯದು, ನನಗಿಂತಲೂ ಹಳೆಯದಿರಬೇಕು.

ಊಟಕ್ಕೆ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಗಂಗಜ್ಜಿ. ಇಷ್ಟು ಜನ ಕೈ ತೊಳೆದ ಮೇಲೆ ಸೊಸೆಯರು. ಮುದ್ದೆ, ಸೊಪ್ಪಿನ ಸಾರು, ಇಲ್ಲವೆಂದರೆ ಹುರುಳಿಕಾಳಿನ ಸಾರು. ಅನ್ನ ಹಬ್ಬಕ್ಕೆ. ಮನೆಯಲ್ಲಿ ರಾಗಿ ಇರಲಿಲ್ಲ ಎಂದು ತಿಳಿಯಬೇಡಿ. ಹೊಲ ಇತ್ತು, ತೆಂಗು ಇತ್ತು, ಕಣಜ ತುಂಬಿರುತ್ತಿತ್ತು. ಆದರೂ ಅವ್ವನ ಪಾಲಿಗೆ ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ ಉಳಿಯುತ್ತಿತ್ತು, ಜೊತೆಗೆ ಮಡಕೆಯ ತಳಕ್ಕೆ ಹತ್ತಿದ್ದನ್ನು ಕೆರೆದದ್ದು. ಚಿಕ್ಕಮ್ಮನ ತವರು ಅದೇ ಊರು, ಓಡಿಹೋಗಿ ಉಂಡು ಬರುತ್ತಿದ್ದಳು. ಅವ್ವನ ತವರು ಕುಣಿಗಲ್ ಕಡೆ. ಅಲ್ಲಿಗೆ ಹೋಗುವುದು ವರ್ಷಕ್ಕೊಂದು ಸಲ. ಸೊಸೆಯ ಹೊಟ್ಟೆ ತುಂಬಿದರೆ ಬಾಯಿ ಬೆಳೆಯುತ್ತದೆ ಎಂದು ಗಂಗಜ್ಜಿ ನಂಬಿದ್ದಳು. ಅವಳ ಅತ್ತೆಯೂ ಹಾಗೇ ನಂಬಿದ್ದಳಂತೆ.

ನನ್ನ ತಂಗಿ ಹುಟ್ಟಿ ಮೂರ್ನಾಲ್ಕು ತಿಂಗಳಾಗಿತ್ತು. ನಾನು ಎರಡನೇ ಕ್ಲಾಸು. ಗಂಗಜ್ಜಿ ಗುಬ್ಬಿ ಸಂತೆಗೆ ಹೋದ ಒಂದು ಮಧ್ಯಾಹ್ನ ನಾನು ಸ್ಕೂಲಿನಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ನಿಂತುಕೊಂಡು ಲೋಟದಿಂದ ಏನೋ ಕುಡಿಯುತ್ತಿದ್ದಳು. ಹತ್ತಿರ ಹೋದೆ. ಕುದಿಯುವ ನೀರಿಗೆ ಒಂದು ಹಿಡಿ ಹಿಟ್ಟು ಕದಡಿ, ಉಪ್ಪು ಹಾಕಿದ ಅಂಬಲಿ. ಅವಳು ಬೆಚ್ಚಿ ತಿರುಗಿದಳು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟಳು. ಎರಡು ಗುಟುಕು ಉಳಿದಿತ್ತು.

"ಹೇಳ್ಬ್ಯಾಡ ಕಣೇ. ಹಾಲು ಇಳೀತಿಲ್ಲ ಕೂಸಿಗೆ."

"ಗೆರೆ?"

"ಅದೇ ಕಣೇ. ಎಳೆಯಾಕೆ ಹೋದ್ರೆ ಕೈ ನಡುಗ್ತದೆ."

"ನಾ ಎಳೀತೀನಿ ಬುಡು."

ಮಣೆಯ ಮೇಲೆ ನಿಂತು, ಗುಡಾಣದೊಳಗೆ ಬಗ್ಗಿ, ನಾನು ಮೂರು ಗೆರೆ ಎಳೆದೆ. ಬೊಟ್ಟಿಗೆ ನನ್ನ ಹೆಬ್ಬೆಟ್ಟು ಸಣ್ಣದಾಯಿತು, ಎರಡು ಸಲ ಒತ್ತಿ ಅಗಲ ಮಾಡಿದೆ. ಸ್ಲೇಟಿನ ಮೇಲೆ ನನಗೆ ಅ ಆ ಸರಿಯಾಗಿ ಬರುತ್ತಿರಲಿಲ್ಲ, ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಇದು ಮಾತ್ರ ಒಂದೇ ಸಲಕ್ಕೆ ಬಂತು. ಆಮೇಲೆ ಪ್ರತಿ ಸಂತೆಯ ದಿನ ಅವ್ವ ಕುಡಿಯುವುದು, ನನಗೆ ಎರಡು ಗುಟುಕು ಉಳಿಸುವುದು, ನಾನು ಗೆರೆ ಎಳೆಯುವುದು. ಅವ್ವನಿಗೂ ನನಗೂ ಅಷ್ಟು ಒಗ್ಗಟ್ಟು ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಇರಲಿಲ್ಲ.

ನಾವು ಮಾಡಿದ ತಪ್ಪು ಒಂದೇ. ಗಂಗಜ್ಜಿಯ ನಡುಬೆರಳಿಗೆ ಹಿಂದೊಮ್ಮೆ ಕುಡುಗೋಲು ಬಡಿದು ಅದು ಅರ್ಧಕ್ಕೆ ಮಡಚಿಕೊಂಡಿತ್ತು. ಅವಳು ಎಳೆದ ಮೂರು ಗೆರೆಯಲ್ಲಿ ನಡುವಿನದು ತೇಲಿಕೊಂಡು ಹೋಗಿ ಮಧ್ಯದಲ್ಲೇ ನಿಂತುಬಿಡುತ್ತಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ನಾವು ಗಮನಿಸಿರಲಿಲ್ಲ. ನಾನು ಮೂರನ್ನೂ ಆಳವಾಗಿ, ನೆಟ್ಟಗೆ, ಚೆಂದ ಎಳೆಯುತ್ತಿದ್ದೆ. ಸಂತೆಯಿಂದ ಬಂದ ದಿನ ಗಂಗಜ್ಜಿ ದಣಿದು ಮಲಗುತ್ತಿದ್ದಳು, ಮಾರನೇ ಬೆಳಿಗ್ಗೆ ಕತ್ತಲಲ್ಲೇ ಕೈ ಹಾಕಿ, ಗೆರೆ ಇದೆಯೆಂದಷ್ಟೇ ಸವರಿ ನೋಡಿ ಹಿಟ್ಟು ತೆಗೆಯುತ್ತಿದ್ದಳು, ಹಾಗಾಗಿ ಎಷ್ಟೋ ವಾರ ನಡೆಯಿತು. ಒಂದು ಸಲ ಅವಳು ಸಂತೆಯಿಂದ ಬೇಗ ಬಂದಳು. ಬೆಲ್ಲ ಒಳಗಿಡಲು ಬುಡ್ಡಿ ದೀಪ ಹಿಡಿದು ಕೋಣೆಗೆ ಹೋದವಳು ಗುಡಾಣದ ಮುಚ್ಚಳ ತೆಗೆದಳು. ಅಪ್ಪ, ಚಿಕ್ಕಪ್ಪ ನಡುಮನೆಯಲ್ಲಿ ಉಣ್ಣುತ್ತಾ ಕೂತಿದ್ದರು.

"ಯಾವಳ್ಲೇ ಇದನ್ನ ಎಳೆದೋಳು?"

ಅಪ್ಪ, ಚಿಕ್ಕಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನನ್ನ ಗೆರೆ ನನಗೆ ಗೊತ್ತಾಗಕಿಲ್ವಾ? ನನ್ನ ಬೆರಳು ಸೊಟ್ಟ ಕಣ್ರೇ. ಇದು ನೆಟ್ಟಗೈತೆ."

"ನಾನೇ ಅತ್ತೆ," ಎಂದಳು ಅವ್ವ. "ಹಸಿವಾಗಿತ್ತು."

"ಹಸಿವಾ? ಕುಣಿಗಲ್ ಕಡೆಯೋರ್ಗೆ ಅದು ಹೊಟ್ಟೆನೋ ಗುಡಾಣನೋ? ಕೇಳಿದ್ಯೇನ್ಲಾ, ನಿನ್ನ ಹೆಂಡ್ರು ನಿನ್ನ ಮನೇಲೇ ಕದ್ದು ಕುಡೀತವ್ಳೆ!"

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೊಲದ ಕಡೆ ಹೋದ. ಅವ್ವ ಒಲೆಯ ಮುಂದೆ ಕೂತು ಬೆಂಕಿ ಸರಿ ಮಾಡಿದಳು. ಅವತ್ತಿನಿಂದ ಓಣಿಯ ಹೆಂಗಸರಿಗೆ ಗಂಗಜ್ಜಿ ಅವ್ವನ ಹೆಸರು ಹೇಳುತ್ತಿರಲಿಲ್ಲ, ನಮ್ಮನೆ ಕಳ್ಳಿ ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಅದು ತಮಾಷೆಯ ಮಾತಾಯಿತು, ಎಲ್ಲರೂ ನಕ್ಕುಕೊಂಡೇ ಹಾಗೆ ಕರೆದರು. ತಮಾಷೆಯಾದ ಮೇಲೆ ಅದನ್ನು ಬಿಡಿಸಿಕೊಳ್ಳಲು ಅವ್ವನಿಗೆ ದಾರಿ ಉಳಿಯಲಿಲ್ಲ.

ಆದರೆ ಗಂಗಜ್ಜಿ ದಡ್ಡಿಯಲ್ಲ. ಮರುದಿನ ಅವ್ವ ಬಟ್ಟೆ ಒಗೆಯಲು ಹೋದಾಗ ನನ್ನನ್ನು ಕೋಣೆಗೆ ಕರೆದಳು. ನನ್ನ ಕೈ ಹಿಡಿದು ಹೆಬ್ಬೆಟ್ಟನ್ನು ಹಿಟ್ಟಿನೊಳಗೆ ಒತ್ತಿದಳು. ಆಗಿದ್ದ ಬೊಟ್ಟನ್ನು ನೋಡಿದಳು, ನನ್ನ ಮುಖ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಬೆಲ್ಲದ ಅಚ್ಚಿನಿಂದ ಒಂದು ಚೂರು ಮುರಿದು ನನ್ನ ಕೈಗಿಟ್ಟಳು.

"ಜಾಣೆ ಕಣೇ ನೀನು. ಇನ್ಮ್ಯಾಲೆ ನನ್ನ ಕಡೆ. ನಿಮ್ಮವ್ವ ಇಲ್ಲಿಗೆ ಬಂದ್ರೆ ನಂಗೆ ಹೇಳು."

ನಾನು ಬೆಲ್ಲ ತಿಂದೆ. ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಹೂಂ ಎಂದೆ. ಅಜ್ಜಿ ಬೆದರಿಸಿರಬೇಕು, ಸಣ್ಣ ಮಗು ಏನು ಮಾಡೀತು ಎಂದು ಯಾರಾದರೂ ನನ್ನ ಪರ ಮಾತಾಡುವುದು ಬೇಡ. ಅವಳು ಬೆದರಿಸಲಿಲ್ಲ. ಕಾವಲು ಕೂರುವುದು ನನಗೆ ಇಷ್ಟವಾಯಿತು. ಎರಡು ಸಲ ಹೇಳಿದೆ. ಒಂದು ಸಲ ಅವ್ವ ಉಪ್ಪಿಗೆಂದು ಹೋಗಿದ್ದಳು, ಇನ್ನೊಂದು ಸಲ ನಿಜವಾಗಿ ಹಿಟ್ಟಿಗೇ ಹೋಗಿದ್ದಳು. ಎರಡನೇ ಸಲ ಗಂಗಜ್ಜಿ ಅವಳ ಕೈಯಿಂದ ಹಿಟ್ಟನ್ನು ಬಿಡಿಸಿ ಗುಡಾಣಕ್ಕೆ ಹಾಕಿದಾಗ ಅವ್ವ ನನ್ನ ಕಡೆ ನೋಡಿದಳು. ಬೈಯಲಿಲ್ಲ. ಆಮೇಲೆ ನಾನು ಅಡುಗೆಮನೆಗೆ ಕಾಲಿಟ್ಟರೆ ಅವಳು ಆ ಮೂಲೆಯಿಂದ ಸರಿದು ಒಲೆ ಸಾರಿಸಲು ಕೂರುತ್ತಿದ್ದಳು. ನನ್ನ ತಲೆ ಬಾಚುವುದು, ಜ್ವರ ಬಂದರೆ ಕಷಾಯ ಕಾಯಿಸುವುದು ಯಾವುದನ್ನೂ ಬಿಡಲಿಲ್ಲ. ಆದರೆ ಉಣ್ಣುವಾಗ ಮಾತ್ರ ನನಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಸಾಯುವವರೆಗೂ ಹಾಗೇ ಉಂಡಳು.

ಆ ಮನೆಯಲ್ಲಿ ನಾನು ಕಲಿತದ್ದು ಅದೇ. ಸ್ಕೂಲು ನಾಲ್ಕನೇ ಕ್ಲಾಸಿಗೆ ನಿಂತಿತು, ಕಾವಲು ನಿಲ್ಲಲಿಲ್ಲ. ಯಾರ ಮನೆಗೆ ಹೋಗಲಿ, ನನ್ನ ಕಣ್ಣು ಮೊದಲು ಡಬ್ಬಗಳ ಮೇಲೆ ಹೋಗುತ್ತದೆ. ಎಣ್ಣೆ ಎಲ್ಲಿಯವರೆಗೆ ಇದೆ, ಸಕ್ಕರೆ ಯಾರು ತೆಗೆದರು, ಹೇಳದೆ ತಿಳಿಯುತ್ತದೆ. ಮದುವೆಯಾಗಿ ತುಮಕೂರಿಗೆ ಬಂದೆ. ನನಗೆ ಅತ್ತೆ ಇರಲಿಲ್ಲ, ಹಿಟ್ಟಿನ ಡಬ್ಬಕ್ಕೆ ನಾನೇ ಒಡತಿ, ಗೆರೆಯ ಅಗತ್ಯ ಇರಲಿಲ್ಲ. ಮಗನಿಗೆ ಗೂಳೂರಿನಿಂದ ಮಂಜುಳಳನ್ನು ತಂದ ವಾರವೇ ಅಗತ್ಯ ಬಂತು. ಹುಡುಗಿ ಬಡಕಲಾಗಿದ್ದಳು, ಬಾಯಿ ಸಣ್ಣದು, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಳು. ಅಷ್ಟು ಒಳ್ಳೆಯವಳಾಗಿ ಯಾರೂ ಸುಮ್ಮನೆ ಇರುವುದಿಲ್ಲ ಎಂದುಕೊಂಡೆ. ಅವಳು ಸ್ನಾನಕ್ಕೆ ಹೋದಾಗ ಡಬ್ಬ ತೆಗೆದು ಗೆರೆ ಎಳೆದೆ. ನನ್ನ ಬೆರಳು ತಾನಾಗಿಯೇ ನಡುಗೆರೆಯನ್ನು ಮಧ್ಯಕ್ಕೆ ನಿಲ್ಲಿಸಿತು. ಸಾಯಂಕಾಲ ಮುದ್ದೆ ಮಾಡಲು ಡಬ್ಬ ತೆಗೆದ ಮಂಜುಳ ಅದನ್ನು ನೋಡಿ ನನ್ನ ಕಡೆ ತಿರುಗಿದಳು.

"ಅತ್ತೆ, ದೇವ್ರಿಗಾ ಇದು?"

ನಾನು ಹೂಂ ಎಂದೆ.

ಅವಳು ತಕ್ಷಣ ಕೈ ತೊಳೆದುಕೊಂಡು ಬಂದು, ಗೆರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹಿಟ್ಟು ತೆಗೆದಳು. ಐದು ವರ್ಷ, ಅವಳು ಅಡುಗೆಗೆ ಹಿಟ್ಟು ತೆಗೆದ ಮೇಲೆಲ್ಲ ನಾನು ಮತ್ತೆ ಗೆರೆ ಎಳೆದೆ, ಐದು ವರ್ಷ ನೋಡಿದೆ. ನಡುವೆ ಒಂದು ದಿನವೂ ಕೆಟ್ಟಿರಲಿಲ್ಲ. ಚೈತ್ರ ಹೊಟ್ಟೆಯಲ್ಲಿದ್ದಾಗಲೂ ಕೆಟ್ಟಿರಲಿಲ್ಲ, ಆಗಲಂತೂ ಹೆಚ್ಚು ಹುಷಾರಾಗಿ ನೋಡಿದ್ದೆ. ಆಮೇಲೆ ಮಂಡಿ ನೋವು ಬಂದು ಅಡುಗೆ ಬಿಟ್ಟೆ. ಅತ್ತೆಯ ಪೂಜೆ ನಿಲ್ಲಬಾರದು ಎಂದು ಅವಳೇ ಎಳೆಯತೊಡಗಿದಳು. ನಾನು ಅದಕ್ಕೂ ಸುಮ್ಮನಿದ್ದೆ.

ಕ್ಲಾಸಿಗೆ ಬರುತ್ತೇನೆ ಎಂದು ಚೈತ್ರಳಿಗೆ ಹೇಳಿದೆ. ಯಾಕೆ ಒಪ್ಪಿದೆ ಎಂದರೆ, ಆ ಗೆರೆಯಿಂದಲೇ ನಮ್ಮವ್ವನನ್ನು ಕಳ್ಳಿ ಮಾಡಿದ್ದರು, ಈಗ ಅದಕ್ಕೆ ಹೂವಿಟ್ಟು ಅಚ್ಚು ಹಾಕಿಸುತ್ತಾರೆ ಎಂದರೆ ನನಗೆ ತಡೆಯಲಾಗಲಿಲ್ಲ. ನಾನೂ ಬರ್ತೀನಿ ಅತ್ತೆ, ಎಂದು ಮಂಜುಳ ಹೊಸ ಸೀರೆ ತೆಗೆದಿಟ್ಟಿದ್ದಳು. ನೀನು ಬೇಡ, ಮನೆ ನೋಡ್ಕೋ ಎಂದೆ. ಅವಳು ಸೀರೆ ಮಡಚಿಟ್ಟಳು.

ಆಟೋದಲ್ಲಿ ಹೋದೆವು. ಕ್ಲಾಸಿನಲ್ಲಿ ಹುಡುಗಿಯರೇ ಹೆಚ್ಚು. ಮೇಡಂ ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ವಯಸ್ಸಿನವರು, ಕಾಟನ್ ಸೀರೆ, ಮೆತ್ತಗಿನ ದನಿ. ಮೆತ್ತಗೆ ಮಾತಾಡುವವರ ಹತ್ತಿರ ನಾನು ಇನ್ನೂ ಹುಷಾರಾಗಿರುತ್ತೇನೆ. ಮೇಜಿನ ಮೇಲೆ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಪಕ್ಕದಲ್ಲಿ ದಾಸವಾಳ ಇಟ್ಟಿದ್ದರು. ಮೊದಲು ಮಕ್ಕಳು ತಮ್ಮ ತಮ್ಮ ಪ್ರಬಂಧ ಓದಿದರು. ಒಬ್ಬಳದು ಹಿತಕಿದ ಅವರೆಬೇಳೆ, ಒಬ್ಬಳದು ಹುಚ್ಚೆಳ್ಳು ಚಟ್ನಿ, ಒಬ್ಬನದು ಕಾಯಿ ಕಡುಬು. ಎಲ್ಲದರಲ್ಲೂ ಅಜ್ಜಿಯರು ನಗುತ್ತಿದ್ದರು, ಎಲ್ಲ ಅಜ್ಜಿಯರಿಗೂ ಕೈರುಚಿ ಇತ್ತು, ಎಲ್ಲರೂ ಪ್ರೀತಿಯನ್ನೇ ಬೆರೆಸಿ ಸಾರು ಮಾಡುತ್ತಿದ್ದರು. ಅವರೆಬೇಳೆಯ ಹುಡುಗಿಯನ್ನು ನಾನು ನಿಲ್ಲಿಸಿ ಕೇಳಿದೆ.

"ನಿಮ್ಮನೇಲಿ ಕೊನೇಲಿ ಉಣ್ಣೋರು ಯಾರಮ್ಮ?"

"ಅಮ್ಮ, ಅಜ್ಜಿ."

"ಅಷ್ಟೊತ್ತಿಗೆ ಎಷ್ಟು ಬೇಳೆ ಉಳಿದಿರುತ್ತೆ ಸಾರಲ್ಲಿ?"

ಹುಡುಗಿ ಯೋಚನೆ ಮಾಡಿದಳು. "ಗೊತ್ತಿಲ್ಲ. ನಾನು ಅಷ್ಟೊತ್ತಿಗೆ ಎದ್ದು ಟೀವಿ ನೋಡ್ತಿರ್ತೀನಿ."

"ಅದನ್ನ ನೋಡ್ದೆ ಊಟದ ಬಗ್ಗೆ ಹೆಂಗೆ ಬರೆದೆ?"

ಮೇಡಂ ಕೂಡಲೇ ತಿರುಗಿ, ಕೊನೆಯಲ್ಲಿ ಉಣ್ಣುವವರಿಗೆ ಏನು ಉಳಿದಿರುತ್ತದೆ ಎಂದು ಬೋರ್ಡಿನ ಮೇಲೆ ಬರೆದರು. ನನಗೆ ಅದು ಹಿಡಿಸಲಿಲ್ಲ. ನನ್ನ ಬಾಯಿಂದ ಬಿದ್ದದ್ದನ್ನು ಇಷ್ಟು ಬೇಗ ಆರಿಸಿಕೊಳ್ಳುತ್ತಾರಲ್ಲ ಎನಿಸಿತು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಮಕ್ಕಳು ಫೋನು ಎತ್ತಿ ಹಿಡಿದರು. ನಾನು ಮೂರು ಗೆರೆ ಎಳೆದು ಹೆಬ್ಬೆಟ್ಟು ಒತ್ತಿದೆ. ಹಿಂದಿನಿಂದ ಯಾರೋ ಓ ಎಂದರು.

"ಇದು ಪೂಜೆ ಅಲ್ಲ ಕಣ್ರಮ್ಮ. ಬೀಗ. ಸೊಸೇರು ಹಸಿವಿಗೆ ಒಂದು ಹಿಡಿ ಹಿಟ್ಟು ತೆಗೆದ್ರೆ ಗೊತ್ತಾಗ್ಲಿ ಅಂತ ನಮ್ಮಜ್ಜಿ ಹಾಕ್ತಿದ್ದ ಬೀಗ."

ಆಮೇಲೆ ಅವ್ವನ ಅಂಬಲಿ, ನನ್ನ ನೆಟ್ಟ ಗೆರೆ, ಬೆಲ್ಲ, ಕಾವಲು ಎಲ್ಲ ಹೇಳಿದೆ. ಚೈತ್ರ ಮೊದಲ ಬೆಂಚಿನಲ್ಲಿ ಡೆಸ್ಕಿನ ಮರವನ್ನೇ ನೋಡುತ್ತಾ ಕೂತಿದ್ದಳು. ನಾನು ಮುಗಿಯಿತು ಎಂದು ಹೇಳಿ ಕೂತುಕೊಳ್ಳುವಾಗ ಹಿಂದಿನ ಬೆಂಚಿನ ಹಾಸ್ಟೆಲ್ ಹುಡುಗಿಯೊಬ್ಬಳು ಎದ್ದು ನಿಂತಳು. ಕುಣಿಗಲ್ ಕಡೆಯವಳಂತೆ.

"ಅಜ್ಜಿ, ನಿಮ್ಮಜ್ಜಿ ನಿಮ್ಮವ್ವನ ಮೇಲೆ ಹಾಕಿದ್ರು ಗೆರೆನ. ಈಗ ಚೈತ್ರನ ಮನೆ ಡಬ್ಬದಲ್ಲಿ ಐತಲ್ಲ, ಅದನ್ನ ಯಾರ ಮೇಲೆ ಹಾಕಿದ್ರಿ?"

ಸುಳ್ಳು ಹೇಳಬಹುದಿತ್ತು, ರೂಢಿ ಎಂದರೆ ಮುಗಿಯುತ್ತಿತ್ತು. ಆದರೆ ನಾನು ಇಷ್ಟೊತ್ತು ಬೇರೆಯವರ ಪ್ರಬಂಧ ಸುಳ್ಳು ಎಂದು ಹೇಳಿ ಕೂತಿದ್ದೆ.

"ನನ್ನ ಸೊಸೆ ಮೇಲೆ."

"ಅವರು ಏನ್ ಕದ್ದಿದ್ರು?"

"ಏನೂ ಇಲ್ಲ."

ಚೈತ್ರ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣು ಒರೆಸಿಕೊಂಡು, ಇದೇ ನಿಜವಾದ ಪ್ರಬಂಧ ಅಜ್ಜಿ, ಅದ್ಭುತ, ಎಂದರು. ಹಿಟ್ಟಿನಲ್ಲಿ ಶಿವ ಇದ್ದಾಗಲೂ ಅದ್ಭುತ, ಕಳ್ಳಿ ಇದ್ದಾಗಲೂ ಅದ್ಭುತ.

"ಚಪ್ಪಾಳೆ ಹೊಡಿಯಾಕೆ ನಾನೇನು ಗೆದ್ದು ಬಂದಿದೀನಾ?" ಎಂದೆ.

ಮೇಡಂ ಮುಖ ಸಣ್ಣದಾಯಿತು. ಮಕ್ಕಳಿಗೆ ಫೋನು ಇಳಿಸಿ, ತೆಗೆದದ್ದನ್ನೆಲ್ಲ ಅಳಿಸಿ ಎಂದು ಹೇಳಿದರು. ಆಮೇಲೆ ಚೈತ್ರಳ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದರು.

"ನಿಮ್ಮಮ್ಮಂಗೆ ಇದು ಗೊತ್ತಾ?"

ಚೈತ್ರ ಇಲ್ಲ ಎಂದು ತಲೆಯಾಡಿಸಿದಳು.

"ಹಾಗಾದ್ರೆ ಅವರಿಗೆ ಹೇಳೋವರೆಗೂ ನೀನು ಇದನ್ನ ನನಗೆ ಕೊಡ್ಬೇಡ."

ಆ ಮಾತು ನನಗೆ ಹೊಳೆದಿರಲಿಲ್ಲ. ನಲವತ್ತು ಜನರ ಮುಂದೆ ಹೇಳಿದ್ದೆ, ಹೇಳಬೇಕಾದವಳನ್ನು ನಾನೇ ಮನೆಯಲ್ಲಿ ಬಿಟ್ಟು ಬಂದಿದ್ದೆ. ಆಟೋದಲ್ಲಿ ಚೈತ್ರ ಹೊರಗೆ ನೋಡುತ್ತಲೇ ಕೇಳಿದಳು.

"ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ನಾ ಹೇಳ್ತೀನಿ ಬುಡು."

ಮೂರು ದಿನ ನಾನು ಹೇಳಲಿಲ್ಲ. ಹೇಗಾಯ್ತು ಅತ್ತೆ ಕಾಲೇಜಲ್ಲಿ ಎಂದು ಮಂಜುಳ ಕೇಳಿದಳು, ಚೆನ್ನಾಗಾಯ್ತು ಎಂದೆ. ನಾಲ್ಕನೇ ದಿನ ಪಕ್ಕದ ಮನೆಯವಳು ಕಾಫಿಗೆ ಬಂದಿದ್ದಳು. ಮಗಳ ಪ್ರಬಂಧ ತೋರಿಸುತ್ತೇನೆ ಎಂದು ಮಂಜುಳ ಚೈತ್ರಳ ನೋಟ್‌ಬುಕ್ ತಂದು ದೊಡ್ಡದಾಗಿ ಓದತೊಡಗಿದಳು. ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದೆ. 'ನಮ್ಮ ಮನೆಯ ಹಿಟ್ಟಿನ ಡಬ್ಬದ ಮೇಲೆ ಮೂರು ಗೆರೆಗಳಿವೆ' ಎಂದು ಶುರುವಾಯಿತು. 'ಅದು ಪೂಜೆಯಲ್ಲ. ನನ್ನ ಅಜ್ಜಿ ತನ್ನ ಸೊಸೆಯನ್ನು ನಂಬಲಿಲ್ಲ' ಎಂಬಲ್ಲಿಗೆ ದನಿ ನಿಂತಿತು. ಚೈತ್ರ ಎರಡನೇ ಸಲ ಬರೆದದ್ದು ಅದು. ಕೊಟ್ಟಿರಲಿಲ್ಲ, ನಾನು ಹೇಳುವುದನ್ನೇ ಕಾಯುತ್ತಿದ್ದಳು.

"ಮುಂದೆ ಓದ್ರೀ," ಎಂದಳು ಪಕ್ಕದ ಮನೆಯವಳು.

"ಅಷ್ಟೇ ರೀ ಇರೋದು."

ಅವಳು ಹೋಗುವವರೆಗೂ ಮಂಜುಳ ನಗುನಗುತ್ತಾ ಮಾತಾಡಿದಳು. ಆಮೇಲೆ ಬಾಗಿಲು ಹಾಕಿ, ಪೂರ್ತಿ ಓದಿಕೊಂಡು, ನನ್ನ ಮುಂದೆ ಬಂದು ನಿಂತಳು.

"ನಾನು ಕದೀತೀನಿ ಅಂತ ಅಂದ್ಕೊಂಡಿದ್ರಾ ಅತ್ತೆ?"

"ಅಂದ್ಕೊಂಡಿದ್ದೆ."

"ದೇವ್ರಿಗಾ ಅಂತ ಕೇಳಿದ್ದೆ. ಹೂಂ ಅಂದಿದ್ರಿ."

"ಅಂದಿದ್ದೆ."

"ಇಷ್ಟು ವರ್ಷ ನಾನು ಅದನ್ನ ಕಣ್ಣಿಗೊತ್ಕೊಂಡಿದೀನಿ."

ತಪ್ಪಾಯಿತು ಎಂಬ ಮಾತು ನಾಲಿಗೆಯವರೆಗೆ ಬಂತು. ಅದನ್ನು ಅವಳು ಯಾಕೆ ನಂಬಬೇಕು ಎಂದುಕೊಂಡು ನುಂಗಿದೆ. ಸಂಜೆ ಚೈತ್ರ ಬಂದಾಗ ಮಂಜುಳ ನೋಟ್‌ಬುಕ್ ಅನ್ನು ಅವಳ ಕೈಗೆ ಕೊಟ್ಟಳು. ಹುಡುಗಿ ಅಳುತ್ತಾ, ಹರಿದು ಹಾಕ್ತೀನಮ್ಮ, ಮೊದಲನೇದೇ ಕೊಡ್ತೀನಿ ಎಂದಳು.

"ಎರಡನೇದೇ ಕೊಡು. 'ಸೊಸೆ', 'ಸೊಸೆ' ಅಂತ ಬರೆದಿದೀಯಲ್ಲ, ಹೆಸರಿಲ್ವಾ ನಂಗೆ? ಮಂಜುಳ ಅಂತ ಹಾಕು. ಏನೂ ಕದ್ದಿರಲಿಲ್ಲ ಅಂತಾನೂ ಹಾಕು."

ಚೈತ್ರ ಹಾಗೇ ಬರೆದು ಕೊಟ್ಟಳು, ಅದು ಅಚ್ಚಾಯಿತು. ನಾನು ನನ್ನ ಪಾಲಿನದನ್ನು ಇಲ್ಲಿ ಬರೆದಿದ್ದೇನೆ. ಒತ್ತಕ್ಷರ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ಬೇರೆ ಏನನ್ನೂ ತಿದ್ದಲು ನಾನು ಬಿಟ್ಟಿಲ್ಲ.

ಮಂಜುಳ ಮಾತು ಬಿಟ್ಟಿಲ್ಲ. ಮಾತ್ರೆ ತಂದುಕೊಡುತ್ತಾಳೆ, ಮಂಡಿಗೆ ಎಣ್ಣೆ ಬಿಸಿ ಮಾಡಿ ಕೊಡುತ್ತಾಳೆ. ಆದರೆ ಮಾರನೇ ದಿನದಿಂದ ಡಬ್ಬದ ಮುಚ್ಚಳ ತೆಗೆದಾಗಲೆಲ್ಲ ಅಡುಗೆಮನೆಯಿಂದ ಕೂಗಿ ಹೇಳುತ್ತಾಳೆ.

"ಅತ್ತೆ, ಎರಡು ಲೋಟ ಹಿಟ್ಟು ತೆಗೀತಿದೀನಿ."

ಹಿಟ್ಟಿಗೆ ಮಾತ್ರ ಅಲ್ಲ, ಎಣ್ಣೆಗೂ ಹೇಳುತ್ತಾಳೆ, ಬೆಲ್ಲಕ್ಕೂ ಹೇಳುತ್ತಾಳೆ. ನೆಂಟರು ಕೂತಿದ್ದರೂ ಹೇಳುತ್ತಾಳೆ. ಏನಮ್ಮ ಇದು ಹೊಸದಾಗಿ, ಎಂದು ಮಗ ಕೇಳಿದ. ಮಂಜುಳ ಡಬ್ಬ ಮುಚ್ಚಿ ಒಲೆಯ ಕಡೆ ತಿರುಗಿದಳು. ಅವಳು ಕೂಗಿದಾಗಲೆಲ್ಲ ತಗೋ ಎನ್ನುತ್ತೇನೆ. ಹಾಗೆನ್ನುವವರೆಗೂ ಅವಳು ಲೋಟ ಹಿಡಿದು ಕಾಯುತ್ತಾಳೆ. ನನ್ನ ತಟ್ಟೆಗೆ ಬರುವ ಮುದ್ದೆ ಮೊದಲಿನಷ್ಟೇ ದೊಡ್ಡದಿದೆ. ಅದನ್ನೂ ನಾನು ದಿನಾ ನೋಡಿಯೇ ಉಣ್ಣುತ್ತಿದ್ದೇನೆ.